ಸಡಿಲಿಕೆ ಆದೇಶ ಬಂದಾಗ ಜನರ ಮಾತು ಓದುವುದು ಹೇಗೆ

2020ರಿಂದ ಮೂರು ವರ್ಷ ನಾನು ಒಂದು ಪತ್ರಿಕೆಯಲ್ಲಿ ಓದುಗರ ಪತ್ರಗಳ ಪುಟ ನೋಡಿಕೊಳ್ಳುತ್ತಿದ್ದೆ. ಕೋವಿಡ್‌ಗೆ ಲಾಕ್‌ಡೌನ್ ಹಾಕಿದಾಗ ಬಂದ ಪತ್ರಗಳಿಗಿಂತ, ಅದನ್ನು ತೆಗೆಯುತ್ತೇವೆ ಅಂದಾಗ ಬಂದವೇ ಜಾಸ್ತಿ. ಮೊದಲು ನನಗೆ ಇದು ವಿಚಿತ್ರ ಅನ್ನಿಸಿತ್ತು. ಆಮೇಲೆ ಹೊಳೆಯಿತು. ಮುಚ್ಚುವಾಗ ಹೆಚ್ಚುಕಡಿಮೆ ಎಲ್ಲರಿಗೂ ಒಂದೇ ಮಾತು: ಮನೆಯಲ್ಲಿರಿ. ತೆರೆಯುವಾಗ ಹಾಗಲ್ಲ. ಯಾವುದು ಮೊದಲು, ಯಾವುದು ಆಮೇಲೆ, ಯಾರಿಗೆ ಉಂಟು, ಯಾರಿಗಿಲ್ಲ ಎಂಬ ಲೆಕ್ಕ ಶುರುವಾಗುತ್ತದೆ. ಜಗಳ ಹುಟ್ಟುವುದು ಅಲ್ಲೇ.

ಮುಂದೆ ಎಂದಾದರೂ ಇನ್ನೊಂದು ಸಾಂಕ್ರಾಮಿಕ ಬಂದೀತು. ನೀವು ಸಂಘದ ಕಾರ್ಯದರ್ಶಿಯೋ, ವರದಿಗಾರರೋ, ಶಾಲೆಯ ಮುಖ್ಯೋಪಾಧ್ಯಾಯರೋ ಆಗಿದ್ದು, ‘ಜನ ಏನಂತಾರೆ ನೋಡಿ ಹೇಳಿ’ ಎಂಬ ಕೆಲಸ ನಿಮ್ಮ ತಲೆಗೆ ಬಿದ್ದೀತು. ಆಗ ಬೇಕಾಗಬಹುದು ಎಂದು ಬರೆಯುತ್ತಿದ್ದೇನೆ. ಇದರಲ್ಲಿ ಮುಕ್ಕಾಲು ಪಾಲು ನಾನು ತಪ್ಪು ಮಾಡಿ ಕಲಿತದ್ದು.

ಪತ್ರ ಒಡೆಯುವ ಮೊದಲು ಆದೇಶ ಓದಿ

ತಲೆಬರಹ ಅಲ್ಲ, ಆದೇಶವನ್ನೇ ಓದಿ. ಕೈಯಲ್ಲಿ ಪೆನ್ಸಿಲ್ ಇರಲಿ. ‘ಹೊರತುಪಡಿಸಿ’, ‘ಷರತ್ತಿಗೊಳಪಟ್ಟು’, ‘ಮುಂದಿನ ಆದೇಶದವರೆಗೆ’ ಎಂಬ ಪದ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಗೆರೆ ಎಳೆಯಿರಿ. ಮರುದಿನ ಬರುವ ಪತ್ರಗಳಲ್ಲಿ ಅರ್ಧ ಆ ಗೆರೆಗಳ ಮೇಲೇ ಇರುತ್ತವೆ. 2020ರ ಜೂನ್ 8ರಿಂದ ಭಾರತದಲ್ಲಿ ಮಾಲ್, ಹೋಟೆಲ್, ಪ್ರಾರ್ಥನಾ ಸ್ಥಳ ತೆರೆಯಬಹುದು ಅಂದಾಗ ‘ಕಂಟೈನ್‌ಮೆಂಟ್ ವಲಯ ಹೊರತುಪಡಿಸಿ’ ಎಂಬ ಮಾತು ಜೊತೆಗಿತ್ತು, ಅಂದರೆ ಸೋಂಕು ಕಂಡು ಓಡಾಟ ನಿರ್ಬಂಧಿಸಿದ ಪ್ರದೇಶ ಬಿಟ್ಟು. ತೆರೆದಿದೆ ಎಂದು ಬರೆದವರೂ ಸರಿ, ನಮಗೆಲ್ಲಿ ತೆರೆದಿದೆ ಎಂದು ಬರೆದವರೂ ಸರಿ. ಆದೇಶ ಓದದೆ ಪತ್ರ ಓದಿದರೆ ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಅನ್ನಿಸುತ್ತದೆ.

ದಿನಾಂಕದ ವಿಷಯದಲ್ಲಿ ಇನ್ನೂ ಹುಷಾರಾಗಿರಿ. ಬ್ರಿಟನ್ ಪ್ರಧಾನಿ ಬೋರಿಸ್ ಜಾನ್ಸನ್ 2021ರ ಫೆಬ್ರವರಿ 22ರಂದು ಇಂಗ್ಲೆಂಡಿಗೆ ನಾಲ್ಕು ಹಂತಗಳ ಯೋಜನೆ ಮುಂದಿಟ್ಟರು. ಹಂತ ಹಂತದ ನಡುವೆ ಕನಿಷ್ಠ ಐದು ವಾರ. ಕೊನೆಯ ಹಂತ ‘ಜೂನ್ 21ಕ್ಕಿಂತ ಮೊದಲಲ್ಲ’. ದಿನಾಂಕ ನೋಡಿ ಅಲ್ಲ, ಅಂಕಿಅಂಶ ನೋಡಿ ನಿರ್ಧರಿಸುತ್ತೇವೆ ಎಂದೂ ಹೇಳಿದ್ದರು. ಜನರ ಕಿವಿಗೆ ಬಿದ್ದದ್ದು ಮಾತ್ರ ಜೂನ್ 21. ಅದಕ್ಕೆ ಪತ್ರಿಕೆಗಳು ‘ಸ್ವಾತಂತ್ರ್ಯ ದಿನ’ ಎಂದು ಹೆಸರೂ ಇಟ್ಟವು. ಡೆಲ್ಟಾ ಎಂಬ ಕೋವಿಡ್ ರೂಪಾಂತರಿ ಹರಡಿತು, ದಿನ ನಾಲ್ಕು ವಾರ ಮುಂದಕ್ಕೆ ಹೋಗಿ ಜುಲೈ 19 ಆಯಿತು. ಕೊಟ್ಟ ಮಾತಿಗೆ ತಪ್ಪಿದರು ಎಂಬ ಸಿಟ್ಟು ಎದ್ದಿತು. ಕಾಗದದ ಮೇಲೆ ಯಾರೂ ಮಾತೇ ಕೊಟ್ಟಿರಲಿಲ್ಲ. ಇಂಥ ಸಿಟ್ಟನ್ನು ಯೋಜನೆಯ ವಿರೋಧ ಎಂದು ಬರೆದುಕೊಳ್ಳಬೇಡಿ. ‘ತಡವಾಯಿತು’ ಎಂದು ಬೇರೆಯೇ ಬರೆದುಕೊಳ್ಳಿ.

ಎರಡು ಕಟ್ಟು ಮಾಡಬೇಡಿ

ನಾನು ಮಾಡಿದ್ದು ಇದನ್ನೇ. ಮೇಜಿನ ಎಡಕ್ಕೆ ‘ತೆರೆಯಿರಿ’, ಬಲಕ್ಕೆ ‘ಬೇಡ’. ಮೊದಲ ವಾರ ಎಡಗಡೆ 41, ಬಲಗಡೆ 38 ಪತ್ರ. ‘ಓದುಗರು ಇಬ್ಭಾಗ’ ಎಂದು ನಾನೇ ತಲೆಬರಹ ಕೊಟ್ಟೆ. ಪುಟ ಅಚ್ಚಾಯಿತು.

ಎರಡು ದಿನಕ್ಕೆ ಒಬ್ಬ ಹೆಂಗಸು ಫೋನ್ ಮಾಡಿದರು. ಜಿಮ್‌ನಲ್ಲಿ ನೆಲ ಒರೆಸುವ ಕೆಲಸ ಅವರದು. “ನನ್ನ ಕಾಗದ ‘ಬೇಡ’ ಅಂತ ಹಾಕಿದ್ದೀರಲ್ಲ ಸರ್, ನಾನು ಬೇಡ ಅಂದಿಲ್ಲ. ಜಿಮ್ ತೆರೀಲಿ. ನನಗೆ ಗ್ಲೌಸ್ ಯಾರು ಕೊಡ್ತಾರೆ ಅಂತ ಕೇಳಿದ್ದೆ” ಅಂದರು. ಪತ್ರ ತೆಗೆದು ನೋಡಿದೆ. ಅವರು ಹೇಳಿದ್ದೇ ಸರಿ. ಆ ಕಾಗದದಲ್ಲಿ ‘ಭಯ’ ಎಂಬ ಪದ ಇತ್ತು. ಅಷ್ಟಕ್ಕೇ ಅದನ್ನು ಬಲಗಡೆಗೆ ಎಸೆದಿದ್ದೆ.

ಆವತ್ತು ಸಂಜೆ ಕೂತು 79 ಪತ್ರಗಳನ್ನೂ ಮತ್ತೆ ಓದಿದೆ. ಎಲ್ಲವನ್ನೂ ತೆರೆಯಿರಿ ಅಂದವರು ಬೆರಳೆಣಿಕೆಯಷ್ಟು. ಏನನ್ನೂ ತೆರೆಯಬೇಡಿ ಅಂದವರೂ ಅಷ್ಟೇ. ಉಳಿದವರೆಲ್ಲ ಒಂದೊಂದು ಬಾಗಿಲ ಬಗ್ಗೆ ಬರೆದಿದ್ದರು. ಒಬ್ಬ ತಂದೆ ಶಾಲೆ ತೆರೆಯಿರಿ, ಚಿತ್ರಮಂದಿರ ಯಾಕೆ ಈಗ ಅಂದಿದ್ದರು. ಹಾಲ್‌ನಲ್ಲಿ ಟಿಕೆಟ್ ಹರಿಯುವವನು ಚಿತ್ರಮಂದಿರ ತೆರೆಯಿರಿ, ಆದರೆ ಬಸ್ಸಿನಲ್ಲಿ ನಿಲ್ಲಿಸಿಕೊಂಡು ಹೋಗಬೇಡಿ ಅಂದಿದ್ದ. ವಾರಕ್ಕೆ ಮೂರು ಸಲ ಗಂಡನನ್ನು ಡಯಾಲಿಸಿಸ್‌ಗೆ ಕರೆದೊಯ್ಯುವ ಒಬ್ಬರು, ಏನು ಬೇಕಾದರೂ ತೆರೆಯಿರಿ, ಆಸ್ಪತ್ರೆಯ ಲಿಫ್ಟಿನಲ್ಲಿ ಮಾಸ್ಕ್ ತೆಗೆಸಬೇಡಿ ಅಂದಿದ್ದರು. ಇವರನ್ನು ಎಡಕ್ಕೆ ಹಾಕುತ್ತೀರೋ ಬಲಕ್ಕೋ?

ಆಮೇಲಿಂದ ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಎಳೆದುಕೊಂಡೆ. ಯಾವ ಬಾಗಿಲು. ಬರೆದವರು ಆ ಬಾಗಿಲಿನ ಒಳಗಿನವರೋ ಹೊರಗಿನವರೋ. ಯಾವಾಗ. ಏನಿದ್ದರೆ ಒಪ್ಪುತ್ತಾರೆ. ನಿಮಗೆ ಕಂಪ್ಯೂಟರಿನಲ್ಲಿ ಮಾಡುವುದು ಸುಲಭವಾದರೆ ಹಾಗೇ ಮಾಡಿ, ನನಗೆ ಕೈಬರಹವೇ ಅಭ್ಯಾಸ. ನಾಲ್ಕರಲ್ಲಿ ಎರಡನೇ ಕಾಲಂ ಬಿಡಲೇಬೇಡಿ. ಬಾಗಿಲ ಹೊರಗೆ ನಿಂತವರಿಗೆ ಒಳಗೆ ಹೋಗಿ ಅರ್ಧ ಗಂಟೆಯಲ್ಲಿ ಬರುವ ಚಿಂತೆ. ಒಳಗಿರುವವರಿಗೆ ಎಂಟು ಗಂಟೆ ಅಲ್ಲೇ ಉಸಿರಾಡುವ ಚಿಂತೆ. 2021ರ ಮೇ 13ರಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ಲಸಿಕೆ ಪೂರ್ತಿ ಹಾಕಿಸಿಕೊಂಡವರು ಬಹುತೇಕ ಕಡೆ ಒಳಾಂಗಣದಲ್ಲೂ ಮಾಸ್ಕ್ ತೆಗೆಯಬಹುದು ಅಂದಿತು. ತುಂಬಾ ಜನಕ್ಕೆ ಖುಷಿ. ಆದರೆ ಅಂಗಡಿ ಕೆಲಸಗಾರರ ಸಂಘ, ದಾದಿಯರ ಸಂಘ ಆಕ್ಷೇಪ ಎತ್ತಿದವು. ಯಾರು ಲಸಿಕೆ ಹಾಕಿಸಿಕೊಂಡಿದ್ದಾರೆ ಎಂದು ಕೌಂಟರಿನ ಹಿಂದೆ ನಿಂತವರು ಹೇಗೆ ಕಂಡುಹಿಡಿಯಬೇಕು? ಮಾತು ನ್ಯಾಯವಾದದ್ದೇ ಅಲ್ವಾ. ಒಳಗು ಹೊರಗು ನೋಡದೆ ಬರೀ ಎಣಿಸಿದ್ದರೆ ‘ಬಹುಪಾಲು ಜನ ಸಂತೋಷ’ ಎಂದು ಬರೆದು ಮುಗಿಸಬಹುದಿತ್ತು.

ಗೊಂದಲವನ್ನು ವಿರೋಧ ಅಂದುಕೊಳ್ಳಬೇಡಿ

ಪ್ರಶ್ನೆ ಚಿಹ್ನೆ ಇರುವ ಪತ್ರಗಳನ್ನು ಬೇರೆ ಇಡಿ. ಅವು ಅಭಿಪ್ರಾಯ ಅಲ್ಲ, ಸಹಾಯ ಕೇಳುವ ಪತ್ರ. 2020ರ ಮೇ 10ರಂದು ಇಂಗ್ಲೆಂಡಿನಲ್ಲಿ ‘ಮನೆಯಲ್ಲಿರಿ’ ಎಂಬ ಘೋಷಣೆ ಹೋಗಿ ‘ಎಚ್ಚರದಿಂದಿರಿ’ ಎಂಬುದು ಬಂತು. ಎಚ್ಚರದಿಂದ ಅಂದರೆ ಏನು ಮಾಡಬೇಕು ಎಂದು ಜನ ಕೇಳಿದರು. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್ ಸರ್ಕಾರಗಳು ‘ಮನೆಯಲ್ಲಿರಿ’ ಎಂಬುದನ್ನೇ ಉಳಿಸಿಕೊಂಡವು. ಒಂದೇ ಟಿವಿ ನೋಡುವ ಜನಕ್ಕೆ ಎರಡು ಮಾತು. ಅಲ್ಲಿ ಕೇಳಿಬಂದ ಗದ್ದಲದಲ್ಲಿ ಎಷ್ಟೋ ಪಾಲು ‘ನನಗೆ ಗೊತ್ತಾಗಲಿಲ್ಲ’ ಎಂಬುದೇ.

ನಮ್ಮ ಪುಟದಲ್ಲಿ ನಾನು ಮಾಡಿದ ಒಂದು ಒಳ್ಳೆ ಕೆಲಸ ಅಂದರೆ ಇದು. ಪ್ರಶ್ನೆ ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಐದನ್ನು ಆರಿಸಿ, ಆದೇಶದಲ್ಲೇ ಉತ್ತರ ಹುಡುಕಿ, ಪುಟದ ಮೇಲ್ಭಾಗದಲ್ಲಿ ಹಾಕತೊಡಗಿದೆ. ಬೈಯುವ ಪತ್ರಗಳು ತಾವಾಗಿಯೇ ಇಳಿದವು.

ಜೋರು ದನಿ, ಜಾಸ್ತಿ ಜನ

ಇವೆರಡೂ ಒಂದೇ ಅಲ್ಲ. 2020ರ ಏಪ್ರಿಲ್ 15ರಂದು ಅಮೆರಿಕದ ಮಿಷಿಗನ್ ರಾಜ್ಯದ ರಾಜಧಾನಿ ಲ್ಯಾನ್ಸಿಂಗ್‌ನಲ್ಲಿ ಜನ ಕಾರು ತಂದು ರಸ್ತೆ ತುಂಬಿಸಿ, ಹಾರ್ನ್ ಹೊಡೆದು, ಲಾಕ್‌ಡೌನ್ ತೆಗೆಯಿರಿ ಎಂದು ಪ್ರತಿಭಟಿಸಿದರು. ಆ ಚಿತ್ರ ಎಲ್ಲಾ ಕಡೆ ಬಂತು. ಅದೇ ದಿನಗಳಲ್ಲಿ ಪ್ಯೂ ಸಂಶೋಧನಾ ಕೇಂದ್ರ ದೇಶದುದ್ದಕ್ಕೂ ಸಮೀಕ್ಷೆ ಮಾಡಿತ್ತು. ರಾಜ್ಯಗಳು ನಿರ್ಬಂಧವನ್ನು ಬೇಗ ತೆಗೆದುಬಿಡುತ್ತವೆ ಎಂಬ ಆತಂಕ ಶೇ 66 ಜನಕ್ಕೆ ಇತ್ತು. ತಡ ಮಾಡುತ್ತವೆ ಎಂಬ ಆತಂಕ ಸುಮಾರು ಮೂರನೇ ಒಂದು ಪಾಲಿಗೆ. ಹಾಗಂತ ಹಾರ್ನ್ ಹೊಡೆದವರ ಕಷ್ಟ ಸುಳ್ಳಲ್ಲ. ಅವರಲ್ಲಿ ಕೆಲಸ ಕಳೆದುಕೊಂಡವರೂ ಇದ್ದರು. ಎಣಿಕೆಯ ಜಾಗದಲ್ಲಿ ಸದ್ದನ್ನು ಇಡಬೇಡಿ, ಅಷ್ಟೇ.

ವಾಟ್ಸಾಪಿನಲ್ಲಿ ಬಂದ ಒಂದೇ ಪಠ್ಯ ಮೂವತ್ತು ಜನರ ಹೆಸರಲ್ಲಿ ಬಂದರೆ ನಾನು ಒಂದು ಎಂದೇ ಲೆಕ್ಕ ಹಾಕುತ್ತಿದ್ದೆ. ಸಹೋದ್ಯೋಗಿಗಳು ಒಪ್ಪುತ್ತಿರಲಿಲ್ಲ. ಫಾರ್ವರ್ಡ್ ಮಾಡುವುದಕ್ಕೂ ಒಂದು ಮನಸ್ಸು ಬೇಕಲ್ಲ ಎಂದು ಅವರ ವಾದ. ನಾನು ಇವತ್ತಿಗೂ ಒಪ್ಪಿಲ್ಲ.

ಸಮೀಕ್ಷೆ ಸಿಕ್ಕಿದರೆ ಪ್ರಶ್ನೆ ಓದಿ

ಉತ್ತರದ ಶೇಕಡಾ ಓದುವ ಮೊದಲು ಕೇಳಿದ ಪ್ರಶ್ನೆ ಓದಿ. 2021ರ ಜುಲೈನಲ್ಲಿ ಇಪ್ಸೋಸ್ ಮೋರಿ ಸಂಸ್ಥೆ ಬ್ರಿಟನ್‌ನಲ್ಲಿ, ಕೋವಿಡ್ ಅಪಾಯ ಇರಲಿ ಬಿಡಲಿ ಯಾವ ನಿರ್ಬಂಧ ಶಾಶ್ವತವಾಗಿ ಇರಬೇಕು ಎಂದು ಕೇಳಿತು. ರಾತ್ರಿ 10ರ ಮೇಲೆ ಮನೆಯಿಂದ ಹೊರಬರಬಾರದು ಎಂಬ ಕರ್ಫ್ಯೂ ಸದಾ ಇರಲಿ ಎಂದು ಸುಮಾರು ಐವರಲ್ಲಿ ಒಬ್ಬರು ಹೇಳಿದರು! ಜಗತ್ತೇ ಬೆರಗಾಯಿತು. ಸಾಯುವವರೆಗೆ ರಾತ್ರಿ ಮನೆಯಲ್ಲೇ ಇರುತ್ತೇನೆ ಎಂದು ಅವರೆಲ್ಲ ನಿಜವಾಗಿ ನಿರ್ಧರಿಸಿದ್ದರೆಂದು ನನಗೆ ಅನ್ನಿಸುವುದಿಲ್ಲ. ‘ಇರಲಿ’ ಎಂದು ಗುರುತು ಹಾಕಲು ಏನೂ ಖರ್ಚಿಲ್ಲ. ಅಂಥ ಕಾಲದಲ್ಲಿ ಅದು ‘ನಾನು ಹುಷಾರಾಗಿರುವ ಮನುಷ್ಯ’ ಎಂದು ಹೇಳುವ ದಾರಿಯೂ ಹೌದು. ಉತ್ತರದಿಂದ ಉತ್ತರಿಸಿದವನಿಗೆ ಏನು ನಷ್ಟ ಎಂದು ಕೇಳಿಕೊಳ್ಳಿ. ನಷ್ಟವೇ ಇಲ್ಲದಿದ್ದರೆ ಆ ಶೇಕಡಾವನ್ನು ಸ್ವಲ್ಪ ಹಗುರವಾಗಿ ಹಿಡಿಯಿರಿ.

ಕಾಲು ಎಲ್ಲಿಗೆ ಹೋಗುತ್ತದೆ ನೋಡಿ

ಬಾಯಿ ಒಂದು ಹೇಳುತ್ತದೆ, ಕಾಲು ಇನ್ನೊಂದು ಮಾಡುತ್ತದೆ. ಆಸ್ಟನ್ ಗೂಲ್ಸ್‌ಬೀ, ಚಾಡ್ ಸೈವರ್ಸನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2020ರಲ್ಲಿ ಅಮೆರಿಕದ ಮೊಬೈಲ್ ಫೋನ್ ದಾಖಲೆ ಹಿಡಿದು, ಜನ ಅಂಗಡಿಗಳಿಗೆ ಹೋಗುವುದು ಎಷ್ಟು ಕಡಿಮೆಯಾಯಿತು ಎಂದು ನೋಡಿದರು. ಶೇ 60ರಷ್ಟು ಇಳಿದಿತ್ತು. ಆ 60ರಲ್ಲಿ ಸರ್ಕಾರದ ಆದೇಶದಿಂದ ಆದದ್ದು 7 ಮಾತ್ರ. ಉಳಿದದ್ದು ಜನ ತಾವೇ ಹೆದರಿ ಮನೆಯಲ್ಲಿ ಉಳಿದದ್ದು.

ಚೀನಾದ್ದು ಇನ್ನೂ ದೊಡ್ಡ ಉದಾಹರಣೆ. 2022ರ ನವೆಂಬರ್‌ನಲ್ಲಿ ಅಲ್ಲಿ ಜನ ಕಠಿಣ ಕೋವಿಡ್ ನಿರ್ಬಂಧ ಸಾಕು ಎಂದು ಖಾಲಿ ಬಿಳಿ ಹಾಳೆ ಹಿಡಿದು ಬೀದಿಗೆ ಬಂದರು. ಡಿಸೆಂಬರ್ 7ರಂದು ಸರ್ಕಾರ ಹತ್ತು ಅಂಶಗಳ ಸಡಿಲಿಕೆ ಪ್ರಕಟಿಸಿತು. ಮುಂದಿನ ವಾರ ಬೀಜಿಂಗ್ ರಸ್ತೆಗಳು ತುಂಬಬೇಕಿತ್ತು ಅಲ್ವಾ? ಖಾಲಿ ಹೊಡೆದವು. ಸೋಂಕು ಮನೆಮನೆಗೆ ಹೊಕ್ಕಿತ್ತು. ಜನ ಜ್ವರದ ಮಾತ್ರೆಗೆ ಅಲೆಯುತ್ತಿದ್ದರು.

ನಿಮ್ಮ ಹತ್ತಿರ ಫೋನ್ ದಾಖಲೆ ಇರುವುದಿಲ್ಲ, ಸರಿ. ಆದೇಶ ಬಂದ ಮರುದಿನ ಒಂದು ಬಸ್ ನಿಲ್ದಾಣದಲ್ಲೋ ಗ್ರಂಥಾಲಯದಲ್ಲೋ ಹತ್ತು ನಿಮಿಷ ನಿಂತು ತಲೆ ಎಣಿಸಿ. ವಾರ ಬಿಟ್ಟು ಅದೇ ಹೊತ್ತಿಗೆ ಮತ್ತೆ ಎಣಿಸಿ. ನಾನು ಮೂರು ಸಲ ಮಾಡಿದ್ದೇನೆ. ಸುಮ್ನೆ ಕೂತು ಪತ್ರ ಓದುವುದಕ್ಕಿಂತ ಅದರಿಂದ ತಿಳಿದದ್ದೇ ಜಾಸ್ತಿ.

ಪ್ರತಿ ಪತ್ರಕ್ಕೂ ದಿನಾಂಕ ಹಾಕಿ

ಜನ ಮಾತು ಬದಲಿಸುತ್ತಾರೆ. ಬದಲಿಸಲಿ, ಸೋಂಕೂ ಬದಲಾಗುತ್ತದೆ. ನೆದರ್‌ಲೆಂಡ್ಸ್ 2021ರ ಜೂನ್ 26ರಂದು ನೈಟ್‌ಕ್ಲಬ್ ತೆರೆಯಿತು. ಎರಡೇ ವಾರಕ್ಕೆ ಸೋಂಕು ನೆಗೆದು, ಜುಲೈ 10ರಂದು ಮುಚ್ಚಿತು. ಲೆಕ್ಕಾಚಾರ ತಪ್ಪಿತು ಎಂದು ಪ್ರಧಾನಿ ಮಾರ್ಕ್ ರುಟ್ಟೆ ಕ್ಷಮೆ ಕೇಳಿದರು. ಜೂನ್ 20ರ ಪತ್ರವನ್ನೂ ಜುಲೈ 20ರ ಪತ್ರವನ್ನೂ ಒಂದೇ ಕಟ್ಟಿನಲ್ಲಿ ಹಾಕಿದರೆ ಏನು ಅರ್ಥ ಬರುತ್ತದೆ? ದಿನಾಂಕವಿಲ್ಲದ ಪತ್ರಕ್ಕೆ ಕೈಗೆ ಸಿಕ್ಕಿದ ದಿನವನ್ನೇ ಮೂಲೆಯಲ್ಲಿ ಬರೆಯಿರಿ.

ಇಷ್ಟೆಲ್ಲ ಯಾಕೆ, ತಜ್ಞರು ಹೇಳಿದರೆ ಸಾಲದೇ ಎಂದು ನಮ್ಮ ಸಂಪಾದಕರು ಒಮ್ಮೆ ಕೇಳಿದ್ದರು. ವಿಶ್ವ ಆರೋಗ್ಯ ಸಂಸ್ಥೆ 2020ರ ಏಪ್ರಿಲ್‌ನಲ್ಲಿ ನಿರ್ಬಂಧ ತೆಗೆಯಲು ಆರು ಷರತ್ತು ಹೇಳಿತ್ತು. ಸೋಂಕು ಹತೋಟಿಯಲ್ಲಿರಬೇಕು, ಪರೀಕ್ಷೆಗೂ ಚಿಕಿತ್ಸೆಗೂ ವ್ಯವಸ್ಥೆ ಇರಬೇಕು, ಹೀಗೆ. ಆರನೆಯದು, ಜನರಿಗೆ ಪೂರ್ತಿ ತಿಳಿವಳಿಕೆ ಇರಬೇಕು, ಅವರೂ ಜೊತೆಗೂಡಿರಬೇಕು ಎಂಬುದು. ನಾನು ಅದನ್ನು ಪ್ರಿಂಟ್ ತೆಗೆದು ಸಂಪಾದಕರ ಮೇಜಿನ ಮೇಲಿಟ್ಟೆ. ಅವರು ಏನೂ ಹೇಳಲಿಲ್ಲ, ಅರ್ಧ ಪುಟ ಜಾಗ ಜಾಸ್ತಿ ಕೊಟ್ಟರು.

ಬರೆಯದವರನ್ನು ಹುಡುಕಿಕೊಂಡು ಹೋಗಿ

ವಾರದ ಕೊನೆಗೆ ಎರಡನೇ ಕಾಲಂ ಮೇಲಿಂದ ಕೆಳಗೆ ಓದಿ. ಯಾರು ಕಾಣುತ್ತಿಲ್ಲ? ನನ್ನ ನೋಟ್‌ಬುಕ್ಕಿನಲ್ಲಿ ರಾತ್ರಿ ಪಾಳಿಯವರು ಇರಲೇ ಇಲ್ಲ. ಹದಿನೈದು ವರ್ಷದೊಳಗಿನವರು ಇಬ್ಬರೇ. ಶಾಲೆ ತೆರೆಯುವ ಬಗ್ಗೆ ನೂರಾರು ಪತ್ರ ಬಂದಿದ್ದವು, ಎಲ್ಲ ಅಪ್ಪ ಅಮ್ಮ ಮೇಷ್ಟ್ರುಗಳದು. ಖಾಲಿ ಕಂಡ ಕಡೆಗೆ ನೀವೇ ಹೋಗಿ ಕೇಳಿ. ‘ನಿಮ್ಮ ಅಭಿಪ್ರಾಯ ಏನು’ ಎಂದು ಕೇಳಿದರೆ ನಕ್ಕು ಸುಮ್ಮನಾಗುತ್ತಾರೆ. ‘ಸೋಮವಾರದಿಂದ ನಿಮಗೆ ಏನು ಬದಲಾಗುತ್ತದೆ’ ಎಂದು ಕೇಳಿ.

2023ರ ಮೇ 5ರಂದು ಕೋವಿಡ್ ಇನ್ನು ಜಾಗತಿಕ ತುರ್ತು ಪರಿಸ್ಥಿತಿ ಅಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಆ ವಾರ ಸಡಿಲಿಕೆ ಬಗ್ಗೆ ನನಗೆ ಬಂದದ್ದು ಒಂದೇ ಪತ್ರ. ಕಚೇರಿಯೊಂದರ ಗುಮಾಸ್ತರದು. ಜನ ದೂರ ನಿಲ್ಲಲಿ ಎಂದು 2020ರಲ್ಲಿ ಕೌಂಟರಿನ ಮುಂದೆ ಬಿಳಿ ಬಣ್ಣದಲ್ಲಿ ವೃತ್ತ ಬರೆಸಿದ್ದರಂತೆ. ಬರೆಯಲು ಆದೇಶ ಬಂದಿತ್ತು, ಅಳಿಸಲು ಬಂದಿಲ್ಲ, ಅಳಿಸಬಹುದೇ ಎಂದು ಕೇಳಿದ್ದರು. ಬಾಗಿಲು: ಕೌಂಟರ್. ಒಳಗಿನವರು. ಯಾವಾಗ ಎಂಬಲ್ಲಿ ಏನು ಬರೆಯಬೇಕೆಂದು ತಿಳಿಯದೆ ಪ್ರಶ್ನೆ ಪತ್ರಗಳ ಕಟ್ಟಿಗೆ ಸೇರಿಸಿದೆ.