ವಿನೆಗರ್, ಉಪ್ಪು, ಐಸ್: ಆಮ್ಲದ ಪ್ರಬಲತೆಯನ್ನು ಥರ್ಮಾಮೀಟರಿನಲ್ಲಿ ನೋಡುವುದು ಹೇಗೆ

ಸೆಕೆಂಡ್ ಪಿಯುಸಿ ಮಕ್ಕಳು ಎಡವುವುದು ಇಲ್ಲೇ. ಪ್ರಬಲ ಆಮ್ಲ ಅಂದರೆ ನೀರು ಕಡಿಮೆ, ಆಸಿಡ್ ಜಾಸ್ತಿ ಅಂದುಕೊಳ್ಳುತ್ತಾರೆ. ಹಾಗಲ್ಲ. ನೀರಿಗೆ ಬಿದ್ದ ಆಮ್ಲದಲ್ಲಿ ಎಷ್ಟು ಪಾಲು ಒಡೆದು ಅಯಾನುಗಳಾಗುತ್ತದೆ (ಅಂದರೆ ವಿದ್ಯುತ್ ಆವೇಶ ಇರುವ ಕಣಗಳಾಗುತ್ತದೆ) ಅನ್ನುವುದೇ ಪ್ರಬಲತೆ.

ತೆಳು ದ್ರಾವಣದಲ್ಲಿ ಹೆಪ್ಪುಗಟ್ಟುವ ಬಿಂದು ನೋಡುವುದು ಕಣಗಳ ಎಣಿಕೆಯನ್ನು ಮಾತ್ರ. ಒಂದು ಕೆಜಿ ನೀರಿಗೆ ಒಂದು ಮೋಲ್ (ಕಣಗಳನ್ನು ಎಣಿಸುವ ಅಳತೆ) ಕಣ ಸೇರಿದರೆ ಆ ಬಿಂದು ಸುಮಾರು 1.86 ಡಿಗ್ರಿ ಇಳಿಯುತ್ತದೆ. ಹೈಡ್ರೋಕ್ಲೋರಿಕ್ ಆಮ್ಲ ಪೂರ್ತಿ ಎರಡಾಗಿ ಒಡೆಯುತ್ತದೆ, ಹಾಗಾಗಿ ಇಳಿತವೂ ಹೆಚ್ಚುಕಡಿಮೆ ದುಪ್ಪಟ್ಟು. ವಿನೆಗರಿನ ಅಸಿಟಿಕ್ ಆಮ್ಲದಲ್ಲಿ ನೂರಕ್ಕೆ ಒಂದು ಅಣು ಒಡೆದರೆ ಹೆಚ್ಚು.

ಮನೆಯಲ್ಲಿ ನೋಡಲು ಟಾಯ್ಲೆಟ್ ತೊಳೆಯುವ ಆಸಿಡ್ ಮುಟ್ಟಲೇಬೇಡಿ. ಅದರ ಜಾಗಕ್ಕೆ ಅಡುಗೆ ಉಪ್ಪು ಸಾಕು. ಉಪ್ಪು ಆಮ್ಲ ಅಲ್ಲ ನಿಜ, ಆದರೆ ಅದೂ ಪೂರ್ತಿ ಎರಡಾಗಿ ಒಡೆಯುತ್ತದೆ, ನಮಗೆ ಬೇಕಿರುವುದು ಅಷ್ಟೇ ಅಲ್ವಾ? 200 ಮಿಲಿ ನೀರಿಗೆ 8 ಗ್ರಾಂ ಉಪ್ಪು ಕರಗಿಸಿ. ಇನ್ನೊಂದು ಕಡೆ 4% ವಿನೆಗರ್ ಇಟ್ಟುಕೊಳ್ಳಿ, ನೀರು ಬೆರೆಸಬೇಡಿ. ಮೋಲ್ ಲೆಕ್ಕದಲ್ಲಿ ಎರಡೂ ಹತ್ತಿರ ಹತ್ತಿರ ಸಮ.

ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಹೊರಗಿನ ಚಳಿ ನಂಬಿ ಕೂತರೆ ಆಗಲ್ಲ, ಚಳಿಯನ್ನು ನಾವೇ ಮಾಡಿಕೊಳ್ಳಬೇಕು. ಸ್ಟೀಲ್ ಪಾತ್ರೆಯಲ್ಲಿ ಮೂರು ಪಾಲು ಪುಡಿ ಐಸ್, ಒಂದು ಪಾಲು ಉಪ್ಪು ಬೆರೆಸಿ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್.ಪಿ. ರೋಡಿನಲ್ಲಿ ಸಿಗುವ ತಂತಿ ಇರುವ ಡಿಜಿಟಲ್ ಥರ್ಮಾಮೀಟರ್ ಆಗುತ್ತದೆ, ಆದರೆ ಮೊದಲು ಬರೀ ನೀರು ಮತ್ತು ಐಸ್ ಇರುವ ಲೋಟದಲ್ಲಿ ಅದ್ದಿ ಸೊನ್ನೆ ತೋರಿಸುತ್ತದಾ ನೋಡಿ, ಎಷ್ಟು ತಪ್ಪು ತೋರಿಸುತ್ತದೋ ಅಷ್ಟನ್ನು ಆಮೇಲೆ ಕಳೆಯಿರಿ.

ಚಿಕ್ಕ ಲೋಟಕ್ಕೆ ಮೂರು ಚಮಚ ವಿನೆಗರ್ ಹಾಕಿ ಐಸಿನೊಳಗೆ ಕೂರಿಸಿ, ಬಿಡದೆ ಕಲಕುತ್ತಾ ಇರಿ. ತಾಪಮಾನ ಒಮ್ಮೆ ತೀರಾ ಕೆಳಗೆ ಹೋಗಿ, ಮೊದಲ ಐಸ್ ಕಂಡ ತಕ್ಷಣ ಮೇಲೆ ಜಿಗಿದು ನಿಲ್ಲಬಹುದು. ಗಾಬರಿ ಬೇಡ, ಹಾಗೆ ಬಂದು ನಿಂತ ಅಂಕಿಯನ್ನೇ ಬರೆದುಕೊಳ್ಳಿ. ತಡ ಮಾಡಬೇಡಿ, ಯಾಕೆಂದರೆ ನೀರು ಐಸಾದಷ್ಟೂ ಉಳಿದ ದ್ರಾವಣ ಇನ್ನಷ್ಟು ಸಾಂದ್ರವಾಗಿ ಅಂಕಿ ಮತ್ತೆ ಇಳಿಯುತ್ತದೆ. ಉಪ್ಪುನೀರಿಗೂ ಹೀಗೇ ಮಾಡಿ.

ವಿನೆಗರ್ ಮೈನಸ್ 1.3ರ ಆಸುಪಾಸಿನಲ್ಲಿ ನಿಲ್ಲಬೇಕು, ಉಪ್ಪುನೀರು ಮೈನಸ್ 2.4ರ ಹತ್ತಿರ. ಕಾಲೇಜು ಲ್ಯಾಬಿನಲ್ಲಿ ಮೇಷ್ಟ್ರ ಎದುರು ಇದನ್ನೇ ನಿಜವಾದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಮಾಡುವುದಾದರೆ ಕನ್ನಡಕ ಹಾಕಿಕೊಳ್ಳಿ, ಆಮ್ಲವನ್ನೇ ನೀರಿಗೆ ನಿಧಾನವಾಗಿ ಸುರಿಯಿರಿ, ನೀರನ್ನು ಆಮ್ಲಕ್ಕಲ್ಲ.