ಎಂಟು ನಿಮಿಷ, ಒಂದು ಅರ್ಕಾವತ್ತು

"ಇವನ ತಲೆಗೆ ಓದು ಹತ್ತಲ್ಲ ಮೇಡಂ, ಸುಮ್ನೆ ಯಾಕೆ ಕಷ್ಟಪಡ್ತೀರಿ?" ಸ್ಟಾಫ್ ರೂಮಿನಲ್ಲಿ ಈ ಮಾತು ಎಷ್ಟು ಸಲ ಕೇಳಿದ್ದೇನೋ. ಹೋದ ತಿಂಗಳು ಅದೇ ಹುಡುಗ ಅರ್ಧ ಪುಟದ ಕತೆಯನ್ನು ಎಲ್ಲರ ಮುಂದೆ ನಿಂತು ಓದಿದ. ಎರಡು ಕಡೆ ತಡವರಿಸಿದ, ಅಷ್ಟೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ವರ್ಷ ಪೂರ್ತಿ ದಂಡ. ಅವನಿಗೆ ಡಿಸ್ಲೆಕ್ಸಿಯಾ, ಅಂದರೆ ಬುದ್ಧಿ ಇದ್ದೂ ಓದು-ಬರಹ ಕಷ್ಟವಾಗುವ ತೊಂದರೆ, ಅಂತ ಗೊತ್ತಾದ ಕೂಡಲೇ ದುಡ್ಡು ಸುರಿದೆ. ಪುಟದ ಮೇಲಿಡುವ ಬಣ್ಣದ ಪ್ಲಾಸ್ಟಿಕ್ ಹಾಳೆ, ಒಂದು ಆ್ಯಪ್‌ಗೆ ವರ್ಷದ ಚಂದಾ, ಮರದ ಅಕ್ಷರಗಳ ಡಬ್ಬಿ. ಅರ್ಧ ತಿಂಗಳ ಸಂಬಳ ಹೋಗಿರಬೇಕು. ತೊಂದರೆ ಇರುವುದು ಕಣ್ಣಿನಲ್ಲಲ್ಲ, ಅಕ್ಷರಕ್ಕೂ ಸದ್ದಿಗೂ ಗಂಟು ಬೀಳುವ ಕಡೆ ಅಂತ ತರಬೇತಿಯಲ್ಲಿ ನಾನೇ ಬರೆದುಕೊಂಡಿದ್ದೆ. ಆದರೂ ಬಣ್ಣದ ಹಾಳೆ ಕೊಂಡೆ! ಈಗ ಅವು ಕ್ರಾಫ್ಟ್ ಪೀರಿಯಡ್ಡಿಗೆ ಆಗುತ್ತಿವೆ.

ಕೈ ಹಿಡಿದದ್ದು ಒಂದು ಹಳೇ ನೋಟ್‌ಬುಕ್. ಅವನು ತಪ್ಪಾಗಿ ಓದಿದ ಪದವನ್ನು ಅವನು ಓದಿದ ಹಾಗೆಯೇ ಬರೆದಿಡತೊಡಗಿದೆ. ಎರಡು ವಾರಕ್ಕೆ ಚಿತ್ರ ಬಂತು. ಕಾಗುಣಿತ ಪರವಾಗಿಲ್ಲ. ಪ-ಷ, ದ-ಧ ಅದಲುಬದಲು. ಮಿಕ್ಕದ್ದೆಲ್ಲ ಒತ್ತಕ್ಷರ, ಅದರಲ್ಲೂ ಅರ್ಕಾವತ್ತು. 'ಸೂರ್ಯ' ಅವನ ಬಾಯಲ್ಲಿ 'ಸೂಯ್ರ'. ನೋಡಿದರೆ ಅವನು ಹೇಳುವುದರಲ್ಲೂ ನ್ಯಾಯ ಇದೆ, ಅಲ್ವಾ? 'ಚಕ್ರ'ದಲ್ಲಿ ಮೊದಲು ಬರೆದ ಕ ಮೊದಲು ಬರುತ್ತದೆ, ಒತ್ತು ಆಮೇಲೆ. 'ಸೂರ್ಯ'ದಲ್ಲಿ ಆಮೇಲೆ ಬರೆದದ್ದನ್ನು ಮೊದಲು ಹೇಳಬೇಕು. ಉಳಿದ ಮಕ್ಕಳು ಇದನ್ನು ತಾವಾಗಿಯೇ ಹಿಡಿದಿದ್ದರು. ಹಾಗಾಗಿ ನಾನು ಬಾಯಿಬಿಟ್ಟು ಹೇಳಿಕೊಟ್ಟೇ ಇರಲಿಲ್ಲ.

ಆಮೇಲೆ ದಿನಕ್ಕೆ 8 ನಿಮಿಷ, ಒಂದೇ ಒತ್ತು. ತಪ್ಪಿದರೆ ಅಲ್ಲೇ ನಾನು ಓದುತ್ತೇನೆ, ಅವನು ಓದುತ್ತಾನೆ, ಮತ್ತೆ ಸಾಲಿನ ಮೊದಲಿಂದ. "ಸರಿಯಾಗಿ ನೋಡು" ಅನ್ನುವುದು ಬಂದ್. ಹತ್ತಕ್ಕೆ ಒಂಬತ್ತು ಸರಿಯಾಗದೆ ಮುಂದಿನ ಒತ್ತಿಗೆ ಹೋಗಲಿಲ್ಲ. ಹೋದ ವಾರದ ಪದಗಳನ್ನೂ ನಡುನಡುವೆ ಸೇರಿಸುತ್ತಿದ್ದೆ. ಎಲ್ಲಿ, ಎಷ್ಟು ಸೇರಿಸುತ್ತೇನೆ ಅನ್ನುವುದು ಮಾತ್ರ ನನ್ನ ಗುಟ್ಟು!

ಮರಳಿನಲ್ಲೂ ಬರೆಸಿ ನೋಡಿದೆ. ಖುಷಿಪಟ್ಟ. ಆದರೆ ಬರೆಯುವಾಗ ಸದ್ದು ಹೇಳಿಸದಿದ್ದರೆ ಮಾರನೇ ದಿನಕ್ಕೆ ಏನೂ ಉಳಿಯುತ್ತಿರಲಿಲ್ಲ. ಇನ್ನೊಬ್ಬಳು ಹುಡುಗಿಗೆ ಇದೇ ನೋಟ್‌ಬುಕ್ ಉಪಾಯ ಲೆಕ್ಕದಲ್ಲಿ ಮಾಡಿದೆ. 52ರಲ್ಲಿ 27 ಕಳೆದರೆ ಅವಳಿಗೆ 35. ಎಲ್ಲಾ ಲೆಕ್ಕದಲ್ಲೂ, ಮೇಲಿರಲಿ ಕೆಳಗಿರಲಿ, ದೊಡ್ಡ ಅಂಕಿಯಿಂದ ಚಿಕ್ಕದನ್ನೇ ಕಳೆಯುತ್ತಿದ್ದಳು, 2ರಲ್ಲಿ 7 ಹೋಗದಿದ್ದರೆ 7ರಲ್ಲಿ 2. ಇರುವುದು ಒಂದೇ ತಪ್ಪು, ಹೆಸರು ಮಾತ್ರ 'ಲೆಕ್ಕ ಬಾರದವಳು'. ಹತ್ತರ ಕಡ್ಡಿ ಕಟ್ಟನ್ನು ಕೈಯಲ್ಲೇ ಬಿಚ್ಚಿಸಿ ಕಳೆಸಿದೆ. ಮೂರು ವಾರ ಹಿಡಿಯಿತು.

ಹುಡುಗ ಶುರುವಿನಲ್ಲಿ ನಿಮಿಷಕ್ಕೆ 12-15 ಪದ ಓದುತ್ತಿದ್ದ. ನಡುವೆ ನನಗೆ ಜ್ವರ ಬಂದು ಎರಡು ವಾರ ತಪ್ಪಿತು, 30ಕ್ಕೆ ಏರಿದ್ದವನು 20ಕ್ಕೆ ಇಳಿದ. ಐದು ತಿಂಗಳ ಕೊನೆಗೆ 40ರ ಆಸುಪಾಸು. ಆಗ ತಲೆಗೆ ಹತ್ತಲ್ಲ ಅಂದವರೇ ಬಂದು ನೋಟ್‌ಬುಕ್ ಕೇಳಿದರು. ಇದು ಇವನ ತಪ್ಪುಗಳ ಪುಸ್ತಕ, ನಿಮ್ಮ ಹುಡುಗನಿಗೆ ಆಗುವುದಿಲ್ಲ ಅಂದೆ.

ಉಕ್ತಲೇಖನ ಇನ್ನೂ ಅರ್ಧಕ್ಕರ್ಧ ತಪ್ಪು. ಅದಕ್ಕೆ ಬೇರೆ ನೋಟ್‌ಬುಕ್ ಶುರು ಮಾಡಿದ್ದೇನೆ, ಮೂರು ಪುಟ ತುಂಬಿದೆ.