ನವೆಂಬರ್ 1ನ್ನು ಮುಂದಿಟ್ಟುಕೊಂಡು ‘ಇತಿಹಾಸದಲ್ಲಿ ಈ ದಿನ’ ಬರೆಯುವ ಕ್ರಮ

ಶಾಲೆಯ ಬೆಳಗಿನ ಪ್ರಾರ್ಥನೆಯಲ್ಲಿ ಓದುವ ‘ದಿನದ ವಿಶೇಷ’ವಾಗಲಿ, ಕಾಲೇಜಿನ ಭಿತ್ತಿಪತ್ರಿಕೆಯ ಒಂದು ಮೂಲೆಯಾಗಲಿ, ದಿನಪತ್ರಿಕೆಯ ‘ಇತಿಹಾಸದಲ್ಲಿ ಈ ದಿನ’ ಅಂಕಣವಾಗಲಿ, ಬಹುಪಾಲು ಸಿದ್ಧವಾಗುವುದು ಹಿಂದಿನ ರಾತ್ರಿ. ಮೊಬೈಲಿನಲ್ಲಿ ತಾರೀಖನ್ನು ಹಾಕಿ ಹುಡುಕಿ, ಸಿಕ್ಕ ಪಟ್ಟಿಯಿಂದ ಏಳೆಂಟು ಸಾಲುಗಳನ್ನು ಇಳಿಸಿಕೊಂಡರೆ ಕೆಲಸ ಮುಗಿಯಿತೆಂಬ ಭಾವನೆ ನಮ್ಮಲ್ಲಿದೆ. ಆದರೆ ಒಂದೇ ತಾರೀಖಿನ ಕೆಳಗೆ ಬಂದು ಸೇರುವ ಘಟನೆಗಳೆಲ್ಲ ಒಂದೇ ಬಗೆಯವಲ್ಲ. ಕೆಲವು ಆ ದಿನ ತಾವಾಗಿ ಘಟಿಸಿದವು, ಕೆಲವು ಆ ದಿನವೇ ನಡೆಯಲೆಂದು ಸರ್ಕಾರವೋ ಸಂಘಟನೆಯೋ ಮುಂಚೆಯೇ ಗೊತ್ತುಮಾಡಿದವು, ಇನ್ನು ಕೆಲವಕ್ಕೆ ಆ ತಾರೀಖು ಬಂದದ್ದು ಒಂದು ದೇಶದ ಪಂಚಾಂಗದಿಂದ ಅಥವಾ ಒಂದು ಊರಿನ ಗಡಿಯಾರದಿಂದ. ಈ ವ್ಯತ್ಯಾಸವನ್ನು ಗುರುತಿಸಿಕೊಂಡು ಬರೆಯುವುದು ಹೇಗೆಂಬುದನ್ನು ನಮಗೆಲ್ಲ ಪರಿಚಿತವಾದ ನವೆಂಬರ್ 1ರ ಮೂಲಕವೇ ನೋಡೋಣ.

ಮೊದಲು ಸಿಕ್ಕಿದ್ದನ್ನೆಲ್ಲ ಒಂದು ಹಾಳೆಯ ಮೇಲೆ ಇಸವಿ, ಸ್ಥಳ, ಸಂಗತಿ ಎಂಬ ಕ್ರಮದಲ್ಲಿ ಬರೆದುಕೊಳ್ಳಬೇಕು. ನವೆಂಬರ್ 1ಕ್ಕೆ ಹಾಗೆ ಬರೆದರೆ 1755ರ ಲಿಸ್ಬನ್ ಭೂಕಂಪ, 1858ರಲ್ಲಿ ಅಲಹಾಬಾದಿನಲ್ಲಿ ಓದಲಾದ ವಿಕ್ಟೋರಿಯಾ ರಾಣಿಯ ಘೋಷಣೆ, 1952ರಲ್ಲಿ ಅಮೆರಿಕ ನಡೆಸಿದ ಹೈಡ್ರೋಜನ್ ಬಾಂಬ್ ಪರೀಕ್ಷೆ, 1954ರಲ್ಲಿ ಪುದುಚೇರಿಯ ಹಸ್ತಾಂತರ ಮತ್ತು ಅದೇ ದಿನ ಆರಂಭವಾದ ಅಲ್ಜೀರಿಯದ ಸ್ವಾತಂತ್ರ್ಯ ಸಮರ, 1956ರ ಭಾಷಾವಾರು ರಾಜ್ಯಗಳು, 1966ರ ಹರಿಯಾಣ, 1973ರಲ್ಲಿ ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು, 2000ದ ಛತ್ತೀಸಗಢ, 2014ರಲ್ಲಿ ನಮ್ಮ ಹನ್ನೆರಡು ಊರುಗಳ ಹೆಸರು ಬದಲಾವಣೆ, ಇಷ್ಟು ಸುಲಭವಾಗಿ ಸಿಗುತ್ತವೆ. ಈ ಹಂತದಲ್ಲಿ ಯಾವುದನ್ನೂ ಬಿಡಬಾರದು, ಯಾವುದನ್ನೂ ನಂಬಲೂ ಬಾರದು.

ಪಟ್ಟಿ ಕಣ್ಣೆದುರಿಗೆ ಬಂದಮೇಲೆ ಪ್ರತಿಯೊಂದು ಸಾಲಿಗೂ ಕೇಳಬೇಕಾದ ಮೊದಲ ಪ್ರಶ್ನೆ, ಈ ದಿನವನ್ನು ಯಾರಾದರೂ ಆರಿಸಿದರೇ ಎಂಬುದು. 1956ರ ರಾಜ್ಯಗಳ ಪುನರ್ವಿಂಗಡಣಾ ಕಾಯ್ದೆಯನ್ನು ತೆರೆದರೆ, ವ್ಯಾಖ್ಯೆಗಳನ್ನು ಕೊಡುವ ಆರಂಭದ ಭಾಗದಲ್ಲಿಯೇ ‘ಗೊತ್ತುಪಡಿಸಿದ ದಿನ’ವೆಂದರೆ 1956ರ ನವೆಂಬರ್ 1 ಎಂದು ಬರೆದಿರುವುದು ಕಾಣುತ್ತದೆ. ಫಜಲ್ ಅಲಿ, ಹೃದಯನಾಥ ಕುಂಜ್ರು ಮತ್ತು ಕೆ.ಎಂ. ಪಣಿಕ್ಕರ್ ಅವರಿದ್ದ ರಾಜ್ಯಗಳ ಪುನರ್ವಿಂಗಡಣಾ ಆಯೋಗವು 1955ರ ಸೆಪ್ಟೆಂಬರ್ 30ರಂದು ವರದಿ ಒಪ್ಪಿಸಿತು, ಮರುವರ್ಷ ಆಗಸ್ಟ್ 31ರಂದು ಕಾಯ್ದೆಯಾಯಿತು, ಅದರ ಪ್ರಕಾರ ನವೆಂಬರ್ 1ರಂದು ದೇಶದಲ್ಲಿ 14 ರಾಜ್ಯಗಳೂ 6 ಕೇಂದ್ರಾಡಳಿತ ಪ್ರದೇಶಗಳೂ ಆದವು. ಹೀಗಿರುವಾಗ ಕರ್ನಾಟಕ, ಕೇರಳ, ಆಂಧ್ರಪ್ರದೇಶ, ಮಧ್ಯಪ್ರದೇಶಗಳು ‘ಕಾಕತಾಳೀಯವೆಂಬಂತೆ’ ಒಂದೇ ದಿನ ಹುಟ್ಟಿದವು ಎಂದು ಬರೆಯುವುದರಲ್ಲಿ ಅರ್ಥವಿಲ್ಲ. ಅವು ಒಂದೇ ಕಾಯ್ದೆಯ ಮಕ್ಕಳು, ಆದ್ದರಿಂದ ನಾಲ್ಕು ಸಾಲುಗಳ ಬದಲು ಒಂದೇ ನಮೂದಿನಲ್ಲಿ ಬರಬೇಕು. ಕನ್ನಡ ಓದುಗರಿಗಾಗಿ ಬರೆಯುವಾಗ, ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ಅದೇ ದಿನ, ಅದೇ ಕಾಯ್ದೆಯಿಂದ ಕೇರಳಕ್ಕೆ ಸೇರಿದ್ದನ್ನು ಬಿಟ್ಟರೆ ಆ ನಮೂದು ಅರ್ಧವಾಗುತ್ತದೆ.

ಹರಿಯಾಣ ಮತ್ತು ಛತ್ತೀಸಗಢಗಳ ದಿನವೂ ಹೀಗೆ ಗೊತ್ತುಮಾಡಿದ್ದೇ. ತಿಂಗಳ ಮೊದಲ ತಾರೀಖು ಆಡಳಿತಕ್ಕೆ ಅನುಕೂಲವಾದ್ದರಿಂದ ಯಾವ ತಿಂಗಳಿನ ಒಂದನೇ ತಾರೀಖನ್ನು ತೆಗೆದುಕೊಂಡರೂ ಇಂಥ ಘಟನೆಗಳು ಗುಂಪಾಗಿ ಸಿಗುತ್ತವೆ. ಹಾಗೆಂದು ಎಲ್ಲ ಆಯ್ಕೆಗಳಿಗೂ ಅನುಕೂಲವೊಂದೇ ಕಾರಣವಲ್ಲ. ಛತ್ತೀಸಗಢವಾದ ಎರಡೇ ವಾರದಲ್ಲಿ, ನವೆಂಬರ್ 15ರಂದು, ಜಾರ್ಖಂಡ್ ರಾಜ್ಯವಾಯಿತು. ಅದು ಬಿರ್ಸಾ ಮುಂಡಾ ಅವರ ಜಯಂತಿಯ ದಿನ. ನಮ್ಮ 1973 ಮತ್ತು 2014ರ ಘಟನೆಗಳಿಗೆ 1956ರ ನೆನಪೇ ಕಾರಣ. ನಿಜವಾದ ಕಾಕತಾಳೀಯವೇ ಬೇಕೆಂದರೆ, ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ 1973ರ ನವೆಂಬರ್ 1ರಂದೇ ಮಂಗಳೂರಿನಲ್ಲಿ ನಟಿ ಐಶ್ವರ್ಯಾ ರೈ ಹುಟ್ಟಿದರು ಎಂಬುದನ್ನು ಹಾಕಿಕೊಳ್ಳಬಹುದು; ಮಕ್ಕಳು ಉಳಿದೆಲ್ಲವನ್ನೂ ಮರೆತು ಇದೊಂದನ್ನು ನೆನಪಿಟ್ಟುಕೊಂಡರೂ ಆಶ್ಚರ್ಯವಿಲ್ಲ.

ಎರಡನೆಯ ಪ್ರಶ್ನೆ, ಈ ತಾರೀಖು ಘಟನೆಯ ಯಾವ ಹಂತಕ್ಕೆ ಸೇರಿದ್ದು ಎಂಬುದು. ಇದಕ್ಕೆ ಪುದುಚೇರಿಗಿಂತ ಒಳ್ಳೆಯ ಪಾಠ ಬೇರೆಯಿಲ್ಲ. 1954ರ ಅಕ್ಟೋಬರ್ 18ರಂದು ಕಿಳೂರಿನಲ್ಲಿ ಸೇರಿದ ಜನಪ್ರತಿನಿಧಿಗಳು ಭಾರತಕ್ಕೆ ಸೇರುವ ಪರವಾಗಿ ಮತ ಹಾಕಿದರು, ಮೂರು ದಿನಗಳ ಬಳಿಕ ಭಾರತಕ್ಕೂ ಅಲ್ಲಿಯವರೆಗೆ ಪುದುಚೇರಿಯನ್ನು ಆಳುತ್ತಿದ್ದ ಫ್ರಾನ್ಸಿಗೂ ನಡುವೆ ಒಪ್ಪಂದವಾಯಿತು, ನವೆಂಬರ್ 1ರಂದು ಆಡಳಿತ ಭಾರತದ ಕೈಗೆ ಬಂತು, 1956ರ ಮೇ 28ರಂದು ಬಿಟ್ಟುಕೊಡುವ ಕರಾರಿಗೆ ಸಹಿ ಬಿತ್ತು, ಫ್ರಾನ್ಸಿನ ಸಂಸತ್ತಿನ ಒಪ್ಪಿಗೆ ದೊರೆತು 1962ರ ಆಗಸ್ಟ್ 16ರಂದು ಕಾನೂನಿನ ದೃಷ್ಟಿಯಲ್ಲಿಯೂ ವಿಲೀನ ಪೂರ್ಣವಾಯಿತು. ಈ ಐದರಲ್ಲಿ ಯಾವ ದಿನಕ್ಕಾದರೂ ‘ಪುದುಚೇರಿ ಭಾರತಕ್ಕೆ ಸೇರಿತು’ ಎಂಬ ಸಾಲನ್ನು ಅಂಟಿಸಬಹುದು, ಅಂಟಿಸಿದವರೂ ಇದ್ದಾರೆ. ‘ಸೇರಿತು’ ಎಂಬ ಸಡಿಲ ಕ್ರಿಯಾಪದದ ಜಾಗದಲ್ಲಿ ‘ಆಡಳಿತ ಹಸ್ತಾಂತರವಾಯಿತು’ ಎಂದು ಬರೆದರೆ ಗೊಂದಲ ತಪ್ಪುತ್ತದೆ. ಇದೇ ರೀತಿ 1956ರ ಸಾಲಿನಲ್ಲಿ ‘ಕರ್ನಾಟಕ ರಾಜ್ಯ ಉದಯವಾಯಿತು’ ಎಂದು ಬರೆದು, 1973ರ ಸಾಲಿನಲ್ಲಿ ಮತ್ತೆ ‘ಕರ್ನಾಟಕ ಎಂದು ನಾಮಕರಣವಾಯಿತು’ ಎಂದು ಬರೆದರೆ, ಗಮನವಿಟ್ಟು ಓದುವ ವಿದ್ಯಾರ್ಥಿ ನಡುವಿನ 17 ವರ್ಷ ರಾಜ್ಯಕ್ಕೆ ಯಾವ ಹೆಸರಿತ್ತೆಂದು ಕೇಳಿಯೇ ಕೇಳುತ್ತಾನೆ. 1956ರಲ್ಲಿ ಆದದ್ದು ವಿಶಾಲ ಮೈಸೂರು ರಾಜ್ಯ. ದೇವರಾಜ ಅರಸು ಅವರು ಮುಖ್ಯಮಂತ್ರಿಯಾಗಿದ್ದಾಗ ಅದರ ಹೆಸರು ಬದಲಾಯಿತು. 1956ರಲ್ಲಿ ಸೇರಿದ ಪ್ರದೇಶಗಳ ಪಟ್ಟಿಯಲ್ಲಿ ಬಳ್ಳಾರಿಯನ್ನು ಸೇರಿಸುವುದೂ ಮೇಲಿಂದ ಮೇಲೆ ಕಾಣುವ ತಪ್ಪು, ಏಕೆಂದರೆ ಬಳ್ಳಾರಿಯು ಆಂಧ್ರ ರಾಜ್ಯ ರಚನೆಯಾದ 1953ರ ಅಕ್ಟೋಬರ್ 1ರಂದೇ ಮೈಸೂರಿಗೆ ಬಂದಿತ್ತು.

ಮೂರನೆಯದು ಗಡಿಯಾರದ ಪ್ರಶ್ನೆ. ಪೆಸಿಫಿಕ್ ಸಾಗರದ ಎನೆವೆಟಾಕ್ ಹವಳದ್ವೀಪದಲ್ಲಿ ಅಮೆರಿಕ ‘ಐವಿ ಮೈಕ್’ ಎಂಬ ಹೈಡ್ರೋಜನ್ ಬಾಂಬ್ ಸಾಧನವನ್ನು ಸಿಡಿಸಿದ್ದು ಅಲ್ಲಿಯ ಸಮಯದಲ್ಲಿ 1952ರ ನವೆಂಬರ್ 1ರ ಬೆಳಗ್ಗೆ 7.15ಕ್ಕೆ. ಆ ಕ್ಷಣದಲ್ಲಿ ಗ್ರೀನಿಚ್‌ನಲ್ಲಿ ಇನ್ನೂ ಅಕ್ಟೋಬರ್ 31ರ ಸಂಜೆ, ಆದೇಶ ಹೊರಟ ವಾಷಿಂಗ್ಟನ್ನಿನಲ್ಲಿಯೂ ಅಕ್ಟೋಬರ್ 31. ಎಲುಗೆಲಾಬ್ ಎಂಬ ಪುಟ್ಟ ದ್ವೀಪವನ್ನು ಇಲ್ಲವಾಗಿಸಿದ ಆ ಸ್ಫೋಟವು ಎರಡು ತಾರೀಖುಗಳಲ್ಲಿಯೂ ಕಾಣಿಸಿಕೊಳ್ಳುವುದಕ್ಕೆ ಇದೇ ಕಾರಣ, ಮತ್ತು ಎರಡೂ ಸರಿಯೇ. ಘಟನೆ ನಡೆದ ಸ್ಥಳದ ಸಮಯವನ್ನೇ ಹಿಡಿಯುವುದು ನನ್ನ ದೃಷ್ಟಿಯಲ್ಲಿ ಉತ್ತಮ ನಿಯಮ. ಆದರೆ ಅದನ್ನು ಪಟ್ಟಿಯ ಎಲ್ಲ ನಮೂದುಗಳಿಗೂ ಒಂದೇ ಸಮನಾಗಿ ಅನ್ವಯಿಸಬೇಕು, ತಾರೀಖು ಹೊಂದದೆ ಹೋದಾಗ ಮಾತ್ರ ಗ್ರೀನಿಚ್‌ ಸಮಯಕ್ಕೆ ಓಡಬಾರದು.

ಪಂಚಾಂಗದ ತೊಡಕು ಇದಕ್ಕಿಂತ ಹಳೆಯದು. ಲಿಸ್ಬನ್ ಭೂಕಂಪಕ್ಕೆ ಎಲ್ಲರೂ ಕೊಡುವ 1755ರ ನವೆಂಬರ್ 1 ಎಂಬುದು ಪೋರ್ಚುಗಲ್ 1582ರಿಂದ ಪಾಲಿಸುತ್ತ ಬಂದ, ಇಂದು ನಾವೂ ಬಳಸುವ ಗ್ರೆಗೋರಿಯನ್ ಲೆಕ್ಕದ್ದು. ಬ್ರಿಟನ್ ಆ ಲೆಕ್ಕಕ್ಕೆ ಬಂದದ್ದು 1752ರಲ್ಲಿ, ಸೆಪ್ಟೆಂಬರ್ 2ರ ಮರುದಿನವನ್ನು ಸೆಪ್ಟೆಂಬರ್ 14 ಎಂದು ಎಣಿಸುವ ಮೂಲಕ. ಭೂಕಂಪದ ವೇಳೆಗೂ ಹಳೆಯ ಜೂಲಿಯನ್ ಲೆಕ್ಕದಲ್ಲಿಯೇ ಇದ್ದ ರಷ್ಯಾದಲ್ಲಿ ಆ ದಿನ ಅಕ್ಟೋಬರ್ 21 ಆಗಿತ್ತು. ಅಂತರ ಹದಿನೆಂಟನೆಯ ಶತಮಾನದಲ್ಲಿ 11 ದಿನ, ಹತ್ತೊಂಬತ್ತರಲ್ಲಿ 12, ಇಪ್ಪತ್ತರಲ್ಲಿ 13. ರಷ್ಯಾದ ‘ಅಕ್ಟೋಬರ್ ಕ್ರಾಂತಿ’ಯನ್ನು ನವೆಂಬರ್ 7ರಂದು ಆಚರಿಸುತ್ತಿದ್ದುದು ಈ 13 ದಿನಗಳಿಂದಲೇ. ನಮ್ಮ ಶಾಸನಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರಗಳನ್ನು ಹೇಳುವ ಶಾಸನದ ಕಾಲವನ್ನು ಇಂಗ್ಲಿಷ್ ತಾರೀಖಿಗೆ ತರುವುದು ವಿದ್ವಾಂಸರ ಲೆಕ್ಕದಿಂದ, ಮತ್ತು 1582ಕ್ಕಿಂತ ಹಿಂದಿನ ಘಟನೆಗಳಿಗೆ ಅವರು ವಾಡಿಕೆಯಂತೆ ಕೊಡುವುದು ಜೂಲಿಯನ್ ತಾರೀಖು. 1565ರ ಜನವರಿ 23 ಎನ್ನಲಾಗುವ ತಾಳಿಕೋಟೆಯ ಯುದ್ಧವೂ ಆ ಸಾಲಿನದು. ತಿಥಿ ಮತ್ತು ವಾರ ಹೊಂದುವುದೇ ಆ ಲೆಕ್ಕದ ಆಧಾರ. ಹೊಂದದಿದ್ದರೆ ತಾರೀಖನ್ನು ಬಿಟ್ಟು ಇಸವಿಯನ್ನಷ್ಟೇ ಬರೆಯುವುದು ಒಳ್ಳೆಯದು, ಅಂದರೆ ಆ ಘಟನೆ ನಿಮ್ಮ ಪಟ್ಟಿಯಿಂದ ಹೊರಬೀಳುತ್ತದೆ.

ಈ ಪ್ರಶ್ನೆಗಳನ್ನೆಲ್ಲ ದಾಟಿದ ಘಟನೆಗಳ ನಡುವೆ ಕೆಲವೊಮ್ಮೆ ನಿಜವಾದ ಸಂಬಂಧವೇ ಹೊಳೆಯುತ್ತದೆ. ನವೆಂಬರ್ 1 ಕ್ಯಾಥೊಲಿಕರಿಗೆ ಸಕಲ ಸಂತರ ಹಬ್ಬ. 1755ರ ಆ ಶನಿವಾರ ಬೆಳಗ್ಗೆ ಒಂಬತ್ತೂವರೆ ದಾಟಿದ ಹೊತ್ತಿನಲ್ಲಿ ಲಿಸ್ಬನ್ ನಡುಗಿದಾಗ ಜನ ಪೂಜೆಗೆಂದು ಚರ್ಚುಗಳಲ್ಲಿ ನೆರೆದಿದ್ದರು, ಹಬ್ಬಕ್ಕೆ ಹಚ್ಚಿದ ಮೇಣದ ಬತ್ತಿಗಳೂ ಮನೆಗಳ ಒಲೆಗಳೂ ಉರಿಯುತ್ತಿದ್ದವು. ಕಟ್ಟಡಗಳು ಕುಸಿದ ಮೇಲೆ ಬೆಂಕಿ, ನದಿಯ ಮುಖಕ್ಕೆ ನುಗ್ಗಿದ ಸುನಾಮಿ, ಎರಡೂ ಸೇರಿ ಊರನ್ನು ಮುಗಿಸಿದವು. ಸುಮಾರು ಇನ್ನೂರು ವರ್ಷಗಳ ಬಳಿಕ, 1954ರಲ್ಲಿ, ಅಲ್ಜೀರಿಯದ ರಾಷ್ಟ್ರೀಯ ವಿಮೋಚನಾ ರಂಗವು ಫ್ರೆಂಚ್ ಆಳ್ವಿಕೆಯ ಮೇಲೆ ಮೊದಲ ದಾಳಿಗಳನ್ನು ನಡೆಸಿದ್ದು ಇದೇ ಹಬ್ಬದ ದಿನ. ಒಂದು ಘಟನೆಗೆ ಹಬ್ಬ ಸಾವುನೋವನ್ನು ಹೆಚ್ಚಿಸಿದ ಸನ್ನಿವೇಶವಾಯಿತು, ಇನ್ನೊಂದಕ್ಕೆ ದಿನವನ್ನೇ ಒದಗಿಸಿತು. ಇಂಥ ಜೋಡಿ ಸಿಕ್ಕಾಗ ಉಳಿದ ನಾಲ್ಕು ನಮೂದುಗಳನ್ನು ಕೈಬಿಟ್ಟಾದರೂ ಇವೆರಡಕ್ಕೆ ಜಾಗ ಕೊಡಬೇಕು. ಲಿಸ್ಬನ್‌ನಲ್ಲಿ ಸತ್ತವರ ಸಂಖ್ಯೆಯ ಅಂದಾಜುಗಳಲ್ಲಿ ಬಹಳ ಅಂತರವಿರುವುದರಿಂದ ‘ಹತ್ತಾರು ಸಾವಿರ’ ಎಂದು ನಿಲ್ಲಿಸುವುದು ಲೇಸು.

ಇನ್ನು ತಾಳೆ ನೋಡುವ ವಿಧಾನ. ಕಾಯ್ದೆಯಿಂದಾದ ಘಟನೆಗೆ ಕಾಯ್ದೆಯ ಪಠ್ಯವನ್ನೋ ರಾಜ್ಯಪತ್ರವನ್ನೋ ನೋಡಬೇಕು. ಕೇಂದ್ರದ ಕಾಯ್ದೆಗಳು ‘ಇಂಡಿಯಾ ಕೋಡ್’ ಜಾಲತಾಣದಲ್ಲಿ ಸಿಗುತ್ತವೆ. ಹಳೆಯ ದಿನಪತ್ರಿಕೆಯನ್ನು ಆಧರಿಸುವವರು ನವೆಂಬರ್ 1ರ ಸುದ್ದಿ ಅಚ್ಚಾಗಿರುವುದು ನವೆಂಬರ್ 2ರ ಸಂಚಿಕೆಯಲ್ಲಿ ಎಂಬುದನ್ನು ಮರೆಯಬಾರದು, ಏಕೆಂದರೆ ಪತ್ರಿಕೆಯ ನೆತ್ತಿಯ ಮೇಲಿನ ತಾರೀಖು ಘಟನೆಯ ತಾರೀಖಾಗಿ ಇಳಿದುಬಂದಿರುವ ಪಟ್ಟಿಗಳು ಕಡಿಮೆಯಿಲ್ಲ. ವಾರವನ್ನು ಹೋಲಿಸುವುದು ಇಲ್ಲಿ ನೆರವಾಗುತ್ತದೆ. 1956ರ ನವೆಂಬರ್ 1 ಗುರುವಾರ, 1973ರ ನವೆಂಬರ್ 1 ಕೂಡ ಗುರುವಾರ. ವರದಿಯಲ್ಲಿ ‘ಬುಧವಾರ’ ಎಂದಿದ್ದರೆ ಅದು ಹಿಂದಿನ ದಿನದ ಮಾತು. ಜನ್ಮದಿನಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಹಳ್ಳಿಗಳಲ್ಲಿ ಒಂದು ತಲೆಮಾರಿನ ಎಷ್ಟೋ ಜನರ ಜನ್ಮದಿನ ಜೂನ್ 1 ಆಗಿರುವುದು ಶಾಲೆಗೆ ಸೇರಿಸಿದ ಮೇಷ್ಟರ ಕೃಪೆಯಿಂದ. ಆದ್ದರಿಂದ ಜೂನ್ 1ರ ಪಟ್ಟಿ ಮಾಡುವವರು ಹಿರಿಯ ಸಾಹಿತಿಗಳ, ರಾಜಕಾರಣಿಗಳ ಜನ್ಮದಿನಗಳನ್ನು ಧಾರಾಳವಾಗಿ ಸುರಿಯದೆ, ‘ದಾಖಲೆಯ ಪ್ರಕಾರ’ ಎಂಬ ಮಾತನ್ನು ಕೈಗೆಟಕುವಂತೆ ಇಟ್ಟುಕೊಳ್ಳುವುದು ಕ್ಷೇಮ.

ಬರೆಯುವಾಗ ಐದಾರು ನಮೂದುಗಳು ಸಾಕು, ಒಂದೊಂದಕ್ಕೂ ಎರಡು ಮೂರು ವಾಕ್ಯ. 1956ರ ನಮೂದು ಹೀಗಿರಬಹುದು: ‘ರಾಜ್ಯಗಳ ಪುನರ್ವಿಂಗಡಣಾ ಕಾಯ್ದೆಯಂತೆ ಮುಂಬಯಿ, ಹೈದರಾಬಾದ್ ಮತ್ತು ಮದ್ರಾಸ್ ರಾಜ್ಯಗಳಲ್ಲಿದ್ದ ಕನ್ನಡ ಪ್ರದೇಶಗಳೂ ಕೊಡಗೂ ಮೈಸೂರಿನೊಂದಿಗೆ ಸೇರಿ ವಿಶಾಲ ಮೈಸೂರು ರಾಜ್ಯವಾಯಿತು. ಎಸ್. ನಿಜಲಿಂಗಪ್ಪ ಮುಖ್ಯಮಂತ್ರಿಯಾದರು, ಜಯಚಾಮರಾಜ ಒಡೆಯರ್ ರಾಜ್ಯಪಾಲರಾದರು. ಕಾಸರಗೋಡು ಕೇರಳಕ್ಕೆ ಹೋಯಿತು.’ ಊರು, ರಾಜ್ಯಗಳಿಗೆ ಆ ಕಾಲದ ಹೆಸರನ್ನೇ ಬಳಸಿ, ಓದುಗರಿಗೆ ಗುರುತು ಸಿಗಲಾರದೆಂಬ ಕಡೆ ಮಾತ್ರ ‘ಇಂದಿನ’ ಎಂದು ಸೇರಿಸಿದರೆ ಸಾಕು.

‘ಎಷ್ಟನೆಯದು’ ಎಂಬ ಲೆಕ್ಕವನ್ನೂ ನೋಡಿಕೊಳ್ಳಬೇಕು. 2023ರಲ್ಲಿ ಆಚರಿಸಿದ್ದು 68ನೇ ಕನ್ನಡ ರಾಜ್ಯೋತ್ಸವ, ಆದರೆ 1956ರಿಂದ ಅಂದಿಗೆ ತುಂಬಿದ್ದು 67 ವರ್ಷ. ಮೊದಲ ದಿನವನ್ನೇ ಒಂದನೆಯದೆಂದು ಎಣಿಸುವುದರಿಂದ ಈ ಒಂದರ ವ್ಯತ್ಯಾಸ. ಅದೇ ವರ್ಷ ಹೆಸರಿನ ಸಂಭ್ರಮವನ್ನು ಆಚರಿಸಿದ್ದು ಮಾತ್ರ ತುಂಬಿದ 50 ವರ್ಷಗಳ ಲೆಕ್ಕದಲ್ಲಿ. ‘ವರ್ಷ ತುಂಬಿತು’ ಎನ್ನುವಲ್ಲಿ ಕಳೆಯುವ ಲೆಕ್ಕ, ‘ಎಷ್ಟನೇ ಆಚರಣೆ’ ಎನ್ನುವಲ್ಲಿ ಎಣಿಸುವ ಲೆಕ್ಕ ಎಂದಿಟ್ಟುಕೊಂಡರೆ ತಪ್ಪುವುದಿಲ್ಲ.

ಪ್ರಾರ್ಥನಾ ಸಭೆಯಲ್ಲಿ ಓದುವುದಕ್ಕಾದರೆ ಅಂಕಿಗಳನ್ನು ಅಕ್ಷರದಲ್ಲಿಯೂ ಬರೆದುಕೊಡಬೇಕು, ಇಲ್ಲವಾದರೆ ಮೈಕಿನ ಮುಂದೆ ನಿಂತ ಮಗು 1858ರ ಹತ್ತಿರ ಬಂದು ತಡವರಿಸುತ್ತದೆ. ಬರೆದ ಹಾಳೆಯ ಬೆನ್ನಿಗೆ ಪ್ರತಿ ನಮೂದನ್ನು ಎಲ್ಲಿ ತಾಳೆ ನೋಡಿದಿರಿ ಎಂಬುದನ್ನು ಗುರುತುಹಾಕಿ, ತಿಂಗಳವಾರು ಕಡತದಲ್ಲಿ ಇಟ್ಟರೆ, ಮುಂದಿನ ವರ್ಷ ಅದೇ ಕೆಲಸ ಹೊತ್ತವರು ಹೊಸದಾಗಿ ಸಿಕ್ಕ ಘಟನೆಯನ್ನಷ್ಟೇ ಪರಿಶೀಲಿಸಿದರೆ ಆಯಿತು.